ಚಂದ್ರನ ಮೇಲೆ ಆರಿದ್ರಾ ಮಳೆ

ಚೆನ್ನಾಗಿರುವುದನ್ನು ನೋಡಿ ಚೆನ್ನಾಗಿದೆ ಅನ್ನುವುದಕ್ಕೆ ವಿಶೇಷ ಪ್ರತಿಭೆಯೇನೂ ಬೇಡ. ಕೆಟ್ಟದ್ದನ್ನು ನೋಡಿ, ಅದು ಏರಿದ ಎತ್ತರಕ್ಕೆ ತಲೆಯೆತ್ತಿ, ಬಾಯಿ ತೆರೆದು ನಿಲ್ಲುವುದಕ್ಕೆ ಮಾತ್ರ ಸ್ವಲ್ಪ ಸಂಸ್ಕಾರ ಬೇಕು. ಆ ಸಂಸ್ಕಾರ ನನಗೆ ಧಾರಾಳವಾಗಿದೆ. ಮದುವೆಮನೆಯಲ್ಲಿ ಉಳಿದವರೆಲ್ಲ ಒಳ್ಳೆಯ ಹಾಡಿಗೆ ತಲೆದೂಗುತ್ತಿದ್ದರೆ, ಶ್ರುತಿ ತಾಳವನ್ನೆಲ್ಲ ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದು, ಆದರೂ ಒಂದು ಚರಣವನ್ನೂ ಬಿಡದೆ ಹಾಡುವ ದೊಡ್ಡಮ್ಮನ ಎದುರು ನಾನು ಜಾಗ ಹಿಡಿಯುತ್ತೇನೆ. ‘ನಿಂಗೆ ಅವರನ್ನ ಕಂಡ್ರೆ ತಮಾಷೆ’ ಎಂದು ನಮ್ಮ ಮನೆಯವರು ಗದರುತ್ತಾರೆ. ತಮಾಷೆ ಸ್ವಲ್ಪ ಇದೆ, ಸುಳ್ಳು ಹೇಳುವುದಿಲ್ಲ. ಆದರೆ ಮುಕ್ಕಾಲು ಪಾಲು ಭಕ್ತಿ. ಅಷ್ಟು ಧೈರ್ಯ ನನಗೆ ಈ ಜನ್ಮದಲ್ಲಿ ಬರುವುದಿಲ್ಲ.

ಈ ಭಕ್ತಿಗೆ ತಕ್ಕ ದೇವರು ಸಿಕ್ಕಿದ್ದು ಒಂದು ಕಬ್ಬಿಣದ ಬೀರುವಿನಲ್ಲಿ. ಕುದುರೆಮುಖದಲ್ಲಿ ಗಣಿ ನಿಂತು ಟೌನ್‌ಶಿಪ್ ಖಾಲಿಯಾದ ಮೇಲೆ ಅಲ್ಲಿನ ಮಂಚ, ಮೇಜು, ಬೀರುಗಳು ನಮ್ಮ ಕಡೆಯ ಎಷ್ಟೋ ಮನೆ ಸೇರಿವೆ. ಕೈಯಿಂದ ಕೈಗೆ ದಾಟುತ್ತ ಬಂದ ಅಂಥದ್ದೊಂದು ಬೀರುವನ್ನು ನಮ್ಮ ಮನೆಯವರು ಮೂಡಿಗೆರೆಯ ಹಳೇ ಸಾಮಾನಿನ ಅಂಗಡಿಯಿಂದ ತಂದರು. ಕೀಲಿ ಇರಲಿಲ್ಲ. ಬೀಗ ಒಡೆದು ನೋಡಿದರೆ ಒಳಗೆ ಸೀರೆಯೂ ಇಲ್ಲ, ಬಂಗಾರವೂ ಇಲ್ಲ, ಅಂಗೈಯಗಲದ ಹಳೆಯ ವೈಜ್ಞಾನಿಕ ಪತ್ತೇದಾರಿ ಕಾದಂಬರಿಗಳು. ಯಾವುದೋ ಕಾಲದ ಬಸ್‌ಸ್ಟ್ಯಾಂಡ್ ಅಂಗಡಿಯ ಸರಕು. ನಮ್ಮ ಮನೆಯವರು ‘ಥೂ, ಗೆದ್ದಲು’ ಅಂದರು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಒಳಗಿನ ಕಥೆ ಆಮೇಲೆ ಓದಿದೆ, ಹೇಳಿಕೊಳ್ಳುವಂಥದ್ದೇನಿಲ್ಲ. ನನ್ನನ್ನು ಕೂರಿಸಿದ್ದು ಮುಖಪುಟಗಳು.

ಮೊದಲು ಕೈಗೆ ಬಂದದ್ದು ‘ಚಂದ್ರಲೋಕದಲ್ಲಿ ಮೂರು ಕೊಲೆ’. ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಚಂದ್ರನಲ್ಲಿ ಗಾಳಿಯಿಲ್ಲ, ಆದ್ದರಿಂದ ಮಳೆಯಿಲ್ಲ ಎಂದು ವರ್ಷವರ್ಷವೂ ಗಂಟಲು ಹರಿದುಕೊಳ್ಳುತ್ತೇನೆ. ಆ ಮುಖಪುಟದಲ್ಲಿ ಚಂದ್ರನ ಮೇಲೆ ಜಡಿಮಳೆ ಹೊಡೆಯುತ್ತಿತ್ತು. ಗಗನಯಾತ್ರಿಗಳು ಗಾಜಿನ ಟೋಪಿಯ ಮೇಲೆ, ನಮ್ಮಲ್ಲಿ ಗದ್ದೆ ನಾಟಿಗೆ ಹಾಕಿಕೊಳ್ಳುತ್ತಿದ್ದ ಎಲೆಯ ಗೊರಬು ಹೊದ್ದು, ಬೆನ್ನು ಬಗ್ಗಿಸಿ, ಹೆಣ ಹುಡುಕುತ್ತಿದ್ದರು. ಇಷ್ಟಕ್ಕೇ ಮುಗಿಯಲಿಲ್ಲ. ಅವರ ತಲೆಯ ಮೇಲಿನ ಆಕಾಶದಲ್ಲಿ, ಮೋಡದ ಸಂದಿಯಲ್ಲಿ, ಇನ್ನೊಬ್ಬ ಚಂದ್ರ ಇದ್ದ! ಹುಣ್ಣಿಮೆಯವನು. ಚಂದ್ರನ ಮೇಲೆ ನಿಂತವರಿಗೆ ಬೆಳದಿಂಗಳು.

‘ಶುಕ್ರಗ್ರಹದ ಸೊಸೆ’ಯಲ್ಲಿ ಹಸಿರು ಮೈಯ ಹೆಂಗಸು ಮಲ್ಲಿಗೆ ಮುಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದಾಳೆ. ಹಿಂದಿರುವುದು ರಾಕೆಟ್ಟಂತೆ. ಕಾಫಿ ತೋಟ ಕಂಡ ಯಾರಿಗಾದರೂ ಅದು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಎಂದು ಗೊತ್ತಾಗುತ್ತದೆ. ಪಕ್ಕದಲ್ಲಿ ತಿರುಗಿಸುವ ಹಿಡಿಯೂ ಇದೆ. ಬಾಲದಲ್ಲಿ ಬೆಂಕಿ ಉಗುಳುತ್ತಿದೆ, ಬೆಂಕಿಯ ಮೇಲ್ಗಡೆ ಚೊಕ್ಕ ಅಕ್ಷರದಲ್ಲಿ ‘ಹಾರ್ನ್ ಮಾಡಿ’ ಎಂದು ಬರೆದಿದೆ. ಮಂಗಳಗ್ರಹದ ಕಾದಂಬರಿಯ ರಾಕ್ಷಸನಂತೂ ಅಪ್ಪಟ ಇಂಬಳ, ಮಳೆಗಾಲದಲ್ಲಿ ನಮ್ಮ ಕಾಲಿಗೆ ಹತ್ತಿ ರಕ್ತ ಹೀರುವ ಅದೇ ಇಂಬಳ, ತೆಂಗಿನಮರದಷ್ಟು ಬೆಳೆದು ವಿಜ್ಞಾನಿಯೊಬ್ಬನ ಪಂಚೆ ಹಿಡಿದಿದೆ. ವಿಜ್ಞಾನಿಯ ಕೈಯಲ್ಲಿ ಬಂದೂಕಿಲ್ಲ, ಸುಣ್ಣದ ಡಬ್ಬಿ ಇದೆ. ಶಿವನೇ, ಇಂಬಳ ಬಿಡಿಸಲು ಎಷ್ಟು ಸರಿಯಾದ ಆಯುಧ! ನಾನು ನಕ್ಕೆ, ಕಣ್ಣೀರು ಬರುವಷ್ಟು ನಕ್ಕೆ, ಆಮೇಲೆ ನಗು ನಿಂತು ಮೈ ಜುಂ ಅಂದಿತು. ಇಷ್ಟು ತಪ್ಪುಗಳನ್ನು ಇಷ್ಟು ಶ್ರದ್ಧೆಯಿಂದ ಮಾಡಿದ ಪುಣ್ಯಾತ್ಮ ಯಾರು? ಒಳಪುಟದಲ್ಲಿ ಸಣ್ಣದಾಗಿ ‘ಮುಖಪುಟ: ಅಬ್ಬಾಸ್, ಕಳಸ’ ಎಂದಿತ್ತು.

ಚಿಕ್ಕಮಗಳೂರಿನ ಒಂದು ವಾರಪತ್ರಿಕೆಗೆ ನಾನು ಆಗಾಗ ಲಘುಬರಹ ಬರೆಯುತ್ತೇನೆ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ ಈ ಮುಖಪುಟಗಳ ಮೇಲೆ ಒಂದು ಬರಹ ಗೀಚಿದೆ. ಗೊರಬು, ಪಲ್ಪರ್, ಇಂಬಳ ಯಾವುದನ್ನೂ ಬಿಡಲಿಲ್ಲ. ಚಿತ್ರ ಬರೆದವರು ಇಷ್ಟು ಹೊತ್ತಿಗೆ ನಿಜವಾದ ಚಂದ್ರಲೋಕ ಸೇರಿರಬೇಕು ಎಂಬ ಭಂಡಧೈರ್ಯವೂ ಇತ್ತು. ಪತ್ರಿಕೆ ಬಂದ ವಾರವೇ ಫೋನು.

‘ಮೇಡಂ, ನಾನು ಕಳಸದಿಂದ ಅಬ್ಬಾಸ್. ಆರ್ಟಿಸ್ಟ್ ಅಬ್ಬಾಸ್. ನನ್ನ ಬಗ್ಗೆ ಪೇಪರಲ್ಲಿ ಇಷ್ಟುದ್ದ ಬರ್ದಿದೀರಲ್ಲ ಮಾರಾಯ್ರೆ! ಮೊಮ್ಮಗಳು ಓದಿ ಹೇಳಿದ್ಲು. ಎಷ್ಟು ವರ್ಷ ಆಯ್ತು ಗೊತ್ತುಂಟಾ ಯಾರಾದ್ರೂ ನನ್ನ ಹೆಸ್ರು ಎತ್ತಿ? ನಾಳೆ ಬರ್ತೇನೆ.’

ಫೋನಿಟ್ಟು, ಬರಹದಲ್ಲಿ ಅವರನ್ನು ಎಲ್ಲೆಲ್ಲಿ ಗೇಲಿ ಮಾಡಿದ್ದೇನೆಂದು ಮತ್ತೆ ತೆಗೆದು ನೋಡಿದೆ. ‘ಅನುಭವಿಸು’ ಅಂದರು ನಮ್ಮ ಮನೆಯವರು. ಮರುದಿನ ಕಳಸದ ಬಸ್ಸಿನಿಂದ ಇಳಿದವರು ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ತಲೆಗೆ ಟೋಪಿ ಇಟ್ಟು, ಎದೆ ಸೆಟೆಸಿ ನಡೆಯುವ ಅಜ್ಜ. ಕೈಯಲ್ಲಿ ಹಲ್ವದ ಪೊಟ್ಟಣ. ವಿನಯವೆಂಬ ವಸ್ತು ಅವರ ಹತ್ತಿರ ಸುಳಿದಂತಿರಲಿಲ್ಲ. ಲಾರಿ, ಜೀಪು, ಅಂಗಡಿ ಬೋರ್ಡು ಎಲ್ಲ ಬರೆದವರಂತೆ. ‘ಘಟ್ಟದ ಮೇಲೆ ನನ್ನಷ್ಟು ಚಂದ ಹುಲಿ ಬರೆಯೋರು ಯಾರೂ ಇರ್ಲಿಲ್ಲ, ಈಗ್ಲೂ ಇಲ್ಲ’ ಅಂದರು. ನಾನು ಬೀರುವಿನ ಪುಸ್ತಕಗಳನ್ನು ತಂದು ಎದುರಿಟ್ಟೆ. ಒಂದೊಂದನ್ನೂ ಎತ್ತಿ, ಕೈ ಉದ್ದ ಮಾಡಿ, ಕಣ್ಣು ಕಿರಿದು ಮಾಡಿ ನೋಡಿ, ‘ಹೆಂಗುಂಟು!’ ಎಂದು ತಮ್ಮನ್ನು ತಾವೇ ಕೇಳಿಕೊಂಡರು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ನೆನಪಾಯಿತು. ಬಾಯಿಗೆ ಬರಲಿಲ್ಲ, ಸದ್ಯ.

ಆದರೂ ಮೇಷ್ಟರ ಜಾತಿ ಸುಮ್ಮನಿರುವುದಿಲ್ಲ. ‘ಸಾಹೇಬ್ರೆ, ಚಂದ್ರನ ಮೇಲೆ ಮಳೆ ಬರಲ್ಲವಲ್ಲ’ ಅಂದೆ.

‘ಅದು ಆರಿದ್ರಾ ಮಳೆ ಟೈಮಲ್ಲಿ ಬರ್ದದ್ದು ಮೇಡಂ.’ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕೇ ಎಂಬಂತೆ ನನ್ನನ್ನು ನೋಡಿದರು. ‘ಕಳಸದಲ್ಲಿ ಆರಿದ್ರಾ ಹಿಡಿದ್ರೆ ಚಂದ್ರನಿಗೆ ಮಾತ್ರ ಬಿಡ್ತದಾ?’

‘ಸರಿ, ಚಂದ್ರನ ಮೇಲೆ ಇನ್ನೊಬ್ಬ ಚಂದ್ರ?’

‘ಎಂತ ಮೇಡಂ ನೀವು! ಚಂದ್ರನ್ನ ಹಾಕದೆ ಚಂದ್ರಲೋಕ ಅಂದ್ರೆ ಜನ ನಂಬ್ತಾರಾ?’

ನಮ್ಮ ಮನೆಯವರು ಕಾಫಿ ಲೋಟ ಹಿಡಿದುಕೊಂಡು ಒಳಗೆ ಓಡಿದರು. ನಗುವುದಕ್ಕೆ. ಸಾಹೇಬರು ಹೇಳಿದ್ದಿಷ್ಟು: ಪ್ರಕಾಶಕರು ಯಾರೂ ಪುಸ್ತಕ ಓದಲು ಕೊಡುತ್ತಿರಲಿಲ್ಲ, ಬರೀ ಹೆಸರು ಹೇಳಿ ಕಳಿಸುತ್ತಿದ್ದರು. ‘ಅಂಗಡೀಲಿ ದಾರಕ್ಕೆ ನೇತುಹಾಕಿರ್ತಾರೆ. ಡ್ರೈವರ್ ಚಾ ಕುಡ್ದು ಬರೋದ್ರೊಳಗೆ ಜನ ಕೈ ಹಾಕ್ಬೇಕು. ಅಲ್ಲಿಗೆ ನನ್ನ ಕೆಲ್ಸ ಮುಗೀತು. ಒಳಗಿಂದು ಬರ್ದೋರ ಹಣೆಬರ.’

ಅಷ್ಟರಲ್ಲಿ ನಮ್ಮ ಮನೆಯವರು ಹೊರಗೆ ಬಂದು, ಗಂಡಂದಿರಿಗೆ ಮಾತ್ರ ಸಾಧ್ಯವಾಗುವ ಹೊತ್ತುಗೇಡಿತನದಿಂದ, ‘ಇವಳದ್ದೂ ಒಂದು ಪುಸ್ತಕ ಬರ್ತಾ ಇದೆ ಸಾಹೇಬ್ರೆ’ ಅಂದುಬಿಟ್ಟರು. ಬರುತ್ತಿತ್ತು, ನಿಜ. ನನ್ನ ಮೊದಲ ಪುಸ್ತಕ. ಐವತ್ತು ದಾಟಿದ ಮೇಲೆ ಬರುವ ಮೊದಲ ಪುಸ್ತಕದ ಮೇಲೆ ಎಷ್ಟು ಆಸೆ ಇರುತ್ತದೆಂದು ಬರೆದವರಿಗೇ ಗೊತ್ತು. ಹೆಸರು ‘ಅಡುಗೆಮನೆಯ ಕಿಟಕಿ’. ಚಿಕ್ಕಮಗಳೂರಿನ ಪ್ರಕಾಶಕ ಹುಡುಗ ಮುಖಪುಟವನ್ನೂ ತೋರಿಸಿದ್ದ: ಕೆನೆ ಬಣ್ಣದ ಹಿನ್ನೆಲೆ, ಒಂದು ಲೋಟ ಕಾಫಿ, ಅದರ ಹಬೆ. ಮರ್ಯಾದಸ್ಥರ ಪುಸ್ತಕ ಹೇಗಿರಬೇಕೋ ಹಾಗೆ. ನಮ್ಮ ಜಿಲ್ಲೆಯಲ್ಲಿ ಅಚ್ಚಾಗುವ ಅರ್ಧ ಪುಸ್ತಕಗಳ ಮೇಲೆ ಅದೇ ಲೋಟವಿದೆ, ಇರಲಿ.

ಸಾಹೇಬರು ಎದ್ದು ನಿಂತರು. ‘ನಾನಿರುವಾಗ ಬೇರೆ ಯಾರು ಬರೀತಾರೆ? ಫ್ಲೆಕ್ಸ್ ಬಂದ್ಮೇಲೆ ಬ್ರಶ್ಶು ಹಿಡಿಲಿಲ್ಲ ಮೇಡಂ. ನಿಮ್ಗೋಸ್ಕರ ಹಿಡೀತೇನೆ. ಹೆಸ್ರು ಮಾತ್ರ ಹೇಳಿ, ಒಳಗಿಂದು ಹೇಳ್ಬೇಡಿ. ಹೇಳಿದ್ರೆ ನಂಗೆ ಕೈ ಓಡಲ್ಲ.’

ಬೇಡ ಅನ್ನಲು ಬಾಯಿ ತೆರೆದೆ. ಅವರ ಮುಖ ನೋಡಿ, ‘ಹಲ್ವ ತುಂಬ ಚೆನ್ನಾಗಿದೆ’ ಅಂದೆ.

ಆ ತಿಂಗಳು ನನಗೆ ಊಟ ರುಚಿಸಲಿಲ್ಲ. ಪಾಠ ಮಾಡುವಾಗ ಕಪ್ಪುಹಲಗೆಯ ಮೇಲೆ ಇಂಬಳ ಕಾಣುತ್ತಿತ್ತು. ಕೊನೆಗೊಂದು ದಿನ ಕಳಸದ ಬಸ್ಸಿನ ಕಂಡಕ್ಟರು ಪ್ಲಾಸ್ಟಿಕ್ ಸುತ್ತಿದ ಸುರುಳಿಯೊಂದನ್ನು ನನ್ನ ಕೈಗಿತ್ತು, ‘ಜೋಪಾನ ಮೇಡಂ, ದಾರಿಯುದ್ದಕ್ಕೂ ನನ್ನ ತೊಡೆ ಮೇಲೇ ಇಟ್ಕೊಂಡು ಬಂದಿದೀನಿ. ಸಾಹೇಬ್ರ ಆರ್ಡರು’ ಅಂದ. ಮನೆಗೆ ತಂದು ಊಟದ ಮೇಜಿನ ಮೇಲೆ ಬಿಡಿಸಿದೆವು.

ಅದರಲ್ಲಿ ನಾನಿದ್ದೆ. ಕಿಟಕಿಯ ತುಂಬ ನಾನೇ. ಕೆಂಪು ಸೀರೆ, ಬಿಚ್ಚಿ ಹಾರುತ್ತಿರುವ ಕೂದಲು, ತಟ್ಟೆಯಷ್ಟಗಲ ಕಣ್ಣು, ಎತ್ತಿದ ಕೈಯಲ್ಲಿ ಸೌಟು, ಸೌಟಿನ ತುದಿಯಿಂದ ಮಿಂಚು ಹೊರಡುತ್ತಿದೆ. ಕಿಟಕಿಯ ಆಚೆ ಕುದುರೆಮುಖದ ಬೆಟ್ಟ, ನಿಜವಾಗಿಯೂ ಕುದುರೆಯದೇ ಮುಖ, ಹಲ್ಲು ಸಮೇತ. ಅದರ ನೆತ್ತಿಯ ಮೇಲೆ ದೋಸೆಕಾವಲಿಯಂಥ ಹಾರುವ ತಟ್ಟೆ ಇಳಿಯುತ್ತಿದೆ, ಅದರಿಂದ ನೀಲಿ ಮೈಯ ಪರಗ್ರಹದವರು ಸಾಲಾಗಿ, ಕೈಯಲ್ಲಿ ಬಾಳೆಎಲೆ ಹಿಡಿದು, ನನ್ನ ಅಡುಗೆಮನೆಯ ಕಡೆಗೇ ಬರುತ್ತಿದ್ದಾರೆ. ನಮ್ಮ ಮನೆಯವರು ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು ನಕ್ಕರು. ನನಗೆ ನಗು ಬರಲಿಲ್ಲ. ಭಯವಾಯಿತು, ಆಮೇಲೆ ಅದಕ್ಕಿಂತ ದೊಡ್ಡದೇನೋ ಆಯಿತು. ಇಪ್ಪತ್ತೈದು ವರ್ಷ ಆ ಕಿಟಕಿಯ ಪಕ್ಕ ನಿಂತು ಹೇಳದೆ ಕೇಳದೆ ಬರುವ ನೆಂಟರಿಗೆ ಬಡಿಸಿದ್ದೇನೆ. ನನ್ನ ಬರಹಗಳ ತುಂಬ ಇರುವುದೂ ಅದೇ ಗೋಳು. ಒಂದಕ್ಷರ ಓದದೆ ಈ ಮನುಷ್ಯ ಅದನ್ನು ಹೇಗೆ ಹಿಡಿದರು? ಹಿಡಿಯಲಿಲ್ಲ, ಸುಮ್ಮನೆ ಬಂತು ಎಂದು ಬುದ್ಧಿ ಹೇಳುತ್ತದೆ. ಬುದ್ಧಿ ಹೇಳಿಕೊಳ್ಳಲಿ.

ಆದರೂ ಮಾನದ ಪ್ರಶ್ನೆ ಇತ್ತಲ್ಲ. ಪ್ರಿನ್ಸಿಪಾಲರು, ಸ್ಟಾಫ್ ರೂಮು, ನಾನು ಗುರುತ್ವಾಕರ್ಷಣೆ ಕಲಿಸುವ ಮಕ್ಕಳು. ಪ್ರಕಾಶಕ ಹುಡುಗನಿಗೆ ಚಿತ್ರದ ಫೋಟೋ ಕಳಿಸಿದೆ. ‘ಪುಸ್ತಕ ನಿಮ್ದು ಮೇಡಂ, ನೀವೇ ಹೇಳಿ. ಲೋಟ ರೆಡಿ ಇದೆ’ ಅಂದ. ಬಿಸಿತುಪ್ಪ ಬಾಯಿಗೆ ಹಾಕಿಕೊಂಡಂತಾಯಿತು. ಅಳತೆ ಹೊಂದುತ್ತಿಲ್ಲ, ಬಣ್ಣ ಅಚ್ಚಿನಲ್ಲಿ ಬರುವುದಿಲ್ಲ, ಹೀಗೆ ನಾಲ್ಕಾರು ನೆಪ ಬಾಯಿಪಾಠ ಮಾಡಿಕೊಂಡು ಸಾಹೇಬರಿಗೆ ಫೋನ್ ಹಚ್ಚಿದೆ.

‘ನೋಡಿದ್ರಾ ಮೇಡಂ?’ ಅಂದರು. ಎದೆ ಸೆಟೆಸಿದ ದನಿ ಅದಾಗಿರಲಿಲ್ಲ. ‘ಕೈ ನಡುಗ್ತದೆ ಈಗ. ಎಡಗೈಯಲ್ಲಿ ಬಲಗೈ ಹಿಡ್ಕೊಂಡು ಬರ್ದೆ. ಇನ್ನು ಆಗೂದಿಲ್ಲ, ಇದೇ ಕಡೇದು. ಆ ಸೌಟಿನ ಹಿಡಿ ಸರಿ ಬಂದಿದ್ಯಾ?’

‘ಬಂದಿದೆ ಸಾಹೇಬ್ರೆ, ತುಂಬ ಚೆನ್ನಾಗಿ ಬಂದಿದೆ’ ಅಂದೆ. ಫೋನಿಟ್ಟು ಪ್ರಕಾಶಕ ಹುಡುಗನಿಗೆ ‘ಲೋಟ ಬೇಡ’ ಎಂದು ಹೇಳಿದೆ. ಮಾನ ಹೋದರೆ ಹೋಗಲಿ, ಅದೇನು ದಿನಾ ಬಳಸುವ ವಸ್ತುವೇ?

ಪುಸ್ತಕ ಬಂತು. ಸ್ಟಾಫ್ ರೂಮು ಒಂದು ವಾರ ನಕ್ಕು ಸುಸ್ತಾಯಿತು. ಸಾಹೇಬರ ಪ್ರತಿಗಳನ್ನು ನಾನೇ ಕೊಟ್ಟು ಬರೋಣವೆಂದು ಒಂದು ಭಾನುವಾರ ಮೂಡಿಗೆರೆಯಲ್ಲಿ ಕಳಸದ ಬಸ್ಸು ಹತ್ತಿ ಕೂತೆ. ಕಿಟಕಿಯಾಚೆ ಬಸ್‌ಸ್ಟ್ಯಾಂಡಿನ ಅಂಗಡಿ. ಅಲ್ಲಿ ವಾರಪತ್ರಿಕೆಗಳ ನಡುವೆ ನಾನು ಸೌಟು ಎತ್ತಿ ದಾರಕ್ಕೆ ನೇತಾಡುತ್ತಿದ್ದೆ. ಬಾಳೆಹಣ್ಣು ಕೊಳ್ಳಲು ಬಂದ ಒಬ್ಬ ಹೆಂಗಸು ತಲೆಯೆತ್ತಿ ನೋಡಿದವರು ನೋಡುತ್ತಲೇ ನಿಂತರು. ಬಾಳೆಹಣ್ಣು ಅಲ್ಲೇ ಬಿಟ್ಟು ಪುಸ್ತಕ ಕೊಂಡು ಬಂದು ನನ್ನ ಪಕ್ಕದಲ್ಲೇ ಕೂತರು!

ನನ್ನ ಬರಹವನ್ನು ಒಬ್ಬರು ಓದುವುದನ್ನು ಕಣ್ಣಾರೆ ಕಾಣುವ ಭಾಗ್ಯ! ಬಸ್ಸು ಕೊಟ್ಟಿಗೆಹಾರ ದಾಟಿತು. ಅವರು ಇನ್ನೂ ಮುಖಪುಟವನ್ನೇ ನೋಡುತ್ತಿದ್ದರು. ಹಾರುವ ತಟ್ಟೆಯ ಮೇಲೆ ಬೆರಳಾಡಿಸಿದರು, ಕುದುರೆಯ ಹಲ್ಲು ಎಣಿಸಿದರು, ತಮ್ಮಷ್ಟಕ್ಕೆ ತಾವೇ ನಕ್ಕರು. ಪುಟ ತಿರುಗಿಸಲಿ ಎಂದು ನಾನು ಕಾದೆ. ತಿರುಗಿಸಲಿಲ್ಲ. ಥಟ್ಟನೆ ನನ್ನತ್ತ ತಿರುಗಿ, ಚಿತ್ರ ನೋಡಿ, ನನ್ನನ್ನು ನೋಡಿ, ‘ಅಯ್ಯೋ, ಇದು ನೀವೇ ಅಲ್ವಾ ಅಕ್ಕ!’ ಅಂದರು. ‘ಹೌದು’ ಎಂದು ನಾನು ಲೇಖಕಿಗೆ ತಕ್ಕಷ್ಟು ನಾಚಿಕೊಂಡೆ. ಅವರು ಚೀಲದಿಂದ ಪೆನ್ನು ತೆಗೆದು, ‘ಒಂದು ಸೈನ್ ಹಾಕಿ ಕೊಡಿ, ಮನೇಲಿ ತೋರಿಸ್ತೀನಿ’ ಅಂದರು. ನಾನು ಗಂಭೀರವಾಗಿ ಪುಸ್ತಕ ತೆರೆದು, ನನ್ನ ಹೆಸರು ಅಚ್ಚಾಗಿರುವ ಮೊದಲ ಪುಟದ ಮೇಲೆ ಪೆನ್ನು ಊರಿದೆ. ಅವರು ಗಾಬರಿಯಿಂದ ನನ್ನ ಕೈ ಹಿಡಿದುಕೊಂಡರು.

‘ಅಲ್ಲಿ ಬೇಡ ಅಕ್ಕ, ಹೊರಗೆ ಹಾಕಿ. ಒಳಗೆ ಯಾರು ನೋಡ್ತಾರೆ?’

ಹೊರಗೇ ಹಾಕಿದೆ. ಪೂರ್ತಿ ಹೆಸರು, ಇನಿಷಿಯಲ್ ಸಮೇತ.