ದೊಡ್ಡಪ್ಪ ಜೊಳ್ಳು ತೆಗೆದದ್ದು

ಬರೆದದ್ದನ್ನೆಲ್ಲ ಓದುವವನಿಗೆ ಬೇರೆ ಕೆಲಸವಿಲ್ಲ ಎಂದು ಗಟ್ಟಿಯಾಗಿ ನಂಬಿದ್ದ ಮನುಷ್ಯ ನಮ್ಮ ದೊಡ್ಡಪ್ಪ! ಮದುವೆ ಕಾಗದ ಬಂದರೆ ಊಟ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದನ್ನಷ್ಟೇ ನೋಡುತ್ತಿದ್ದರು. ಹೀಗೆ ಒಮ್ಮೆ ಆಲ್ದೂರಿನಲ್ಲಿ ಗುರುತಿಲ್ಲದವರ ಮದುವೆಯಲ್ಲಿ ಸುಖವಾಗಿ ಉಂಡು, ಕೈ ತೊಳೆಯುವಾಗ "ಹುಡುಗಿ ಯಾರ ಮಗಳು?" ಎಂದು ವಿಚಾರಿಸಿದ್ದೂ ಉಂಟು.

ಇಂಥವರ ಮನೆಗೆ ನಾನು ಎರಡು ಗೋಣಿಚೀಲ ಜೆರಾಕ್ಸ್ ಹೊತ್ತುಕೊಂಡು ಹೋದೆ. ತೊಂಬತ್ತರ ದಶಕದ ಮಾತು. ಕಾಫಿ ಗಿಡದ ಕಾಂಡ ಕೊರೆದು ಹಾಕುವ ಬೋರರ್ ಹುಳದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ಆ ಹುಳದ ಬಗ್ಗೆ ಹಿಂದೆ ಯಾರು ಏನು ಬರೆದಿದ್ದಾರೆ ಎಂಬ ಮೊದಲ ಅಧ್ಯಾಯವೇ ಎರಡು ವರ್ಷವಾದರೂ ಮುಗಿದಿರಲಿಲ್ಲ. ತಿಂಗಳ ಕೊನೆಯೊಳಗೆ ಒಪ್ಪಿಸದಿದ್ದರೆ ನೋಂದಣಿ ರದ್ದು ಎಂದು ಕಾಗದ ಬಂದಿತ್ತು. ಗೋಣಿಬೀಡಿನ ಹತ್ತಿರ ಕಾಫಿ ತೋಟದ ನಡುವಿನ ಆ ಮನೆಯಲ್ಲಿ ನೆಮ್ಮದಿಯಾಗಿ ಓದಬಹುದು ಅಂದುಕೊಂಡಿದ್ದೆ. ಎಲ್ಲಿಯ ನೆಮ್ಮದಿ!

"ಎಂತದೇ ಮಾರಾಯ್ತಿ ಇದು?"

"ಎಲ್ಲ ಓದ್ಬೇಕು ದೊಡ್ಡಪ್ಪ."

"ಎಲ್ಲ ಓದಿ ಬರೀತೀನಿ ಅಂದ್ರೆ, ಬರಿಯೋದು ನಿನ್ನ ಮೊಮ್ಮಕ್ಕಳು!"

ಮರುದಿನ ಬೆಳಿಗ್ಗೆ ಕಾಫಿ ಒಣಗಿಸುವ ಕಣದಲ್ಲಿ ಮೂರು ಬುಟ್ಟಿ ಇಟ್ಟು ನನ್ನನ್ನು ಕೂರಿಸಿದರು. "ಕಾಫಿ ಕೊಯ್ದ ಹಾಗೇ ಇದೂ. ಮೊದಲನೇ ಸುತ್ತಿಗೆ ಹಣ್ಣು ಮಾತ್ರ. ತಲೆಬರಹ ನೋಡು, ಸಾರಾಂಶ ನೋಡು, ಬುಟ್ಟಿಗೆ ಹಾಕು. ಕಾಯಿ ಮುಟ್ಬೇಡ, ಮುಂದಿನ ಸುತ್ತಿಗಿರಲಿ. ನೀರಲ್ಲಿ ತೇಲೋ ಜೊಳ್ಳು ಆ ಬುಟ್ಟಿಗೆ." ನಾನು ಅಭ್ಯಾಸಬಲದಿಂದ ಒಂದು ಲೇಖನದ ಎರಡನೇ ಪುಟ ತಿರುಗಿಸಿದೆನೋ ಇಲ್ಲವೋ, "ಏಯ್, ಒಂದೇ ಗಿಡದ ಬುಡದಲ್ಲಿ ಎಷ್ಟು ಹೊತ್ತು ನಿಲ್ತೀಯೇ?" ಎಂದು ಗದರಿದರು.

"ಬೋರರ್ ಈಗ ತೋಟ ಬಿಟ್ಟು ಇವರ ತಲೆಗೆ ಬಂದಿದೆ," ಎಂದರು ದೊಡ್ಡಮ್ಮ, ಕಾಫಿ ಲೋಟ ಇಡುತ್ತ.

ಎರಡನೇ ಸುತ್ತಿಗೆ ದೊಡ್ಡಪ್ಪ ಲೇಖನಗಳನ್ನು ಹಿಂದಿನಿಂದ, ಕೊನೆಯ ಆಧಾರಗ್ರಂಥಗಳ ಪಟ್ಟಿಯಿಂದ ನೋಡತೊಡಗಿದರು! "ಈ ಹತ್ತು ಜನಾನೂ ಕೊನೇಲಿ ಒಬ್ಬನ ಹೆಸರೇ ಹೇಳ್ತಾರಲ್ಲ. ಮೊದಲು ಅವನನ್ನ ಹಿಡಿ. ಇವ್ರೆಲ್ಲ ಅವನ ಮನೆ ನೆಂಟ್ರು." ಎರಡು ವರ್ಷ ನಾನು ಬರೀ ನೆಂಟರನ್ನು ಓದಿಕೊಂಡು ಕೂತಿದ್ದೆ, ಏನು ಹೇಳೋಣ?

ದೊಡ್ಡಪ್ಪ ತುಂಬಿಸಿದ ಜೊಳ್ಳಿನ ಬುಟ್ಟಿಯಲ್ಲಿ ನನ್ನ ಗೈಡ್ ಬರೆದ ಲೇಖನವೂ ಬಿದ್ದಿತ್ತು. "ಅಯ್ಯೋ, ಇದು ನಮ್ಮ ಮೇಷ್ಟ್ರದ್ದು!" ಎಂದೆ.

"ಹೌದಾ? ಹಾಗಾದ್ರೆ ಹಣ್ಣಿನ ಬುಟ್ಟೀಲಿ ಎಲ್ಲಕ್ಕಿಂತ ಮೇಲಿಡು. ಅವರಿಗೆ ಕಾಣ್ಬೇಕು."

ಎರಡೇ ವಾರದಲ್ಲಿ ಅಧ್ಯಾಯ ಮುಗಿದು, ಮೂಡಿಗೆರೆಯಲ್ಲಿ ಟೈಪೂ ಆಯಿತು. ಕಡೆಯ ದಿನಕ್ಕೆ ಇನ್ನೊಂದೇ ದಿನ. ಬಸ್ಸಿಗೆ ಹೊರಡುವ ಮುನ್ನ ಜೊಳ್ಳನ್ನೆಲ್ಲ ಬಚ್ಚಲ ಒಲೆಗೆ ಕೊಡೋಣವೆಂದು ಕಟ್ಟುತ್ತಿದ್ದೆ. ಒಂದು ಹಾಳೆ ಜಾರಿತು. ಬೆಳೆಗಾರರ ಯಾವುದೋ ಹಳೆಯ ಮಾಸಿಕಕ್ಕೆ ಒಬ್ಬರು ಬರೆದ ಪತ್ರ, ನಾನು ಓದದೆಯೇ ಜೆರಾಕ್ಸ್ ಮಾಡಿಸಿ ತಂದದ್ದು. ತೆಂಗಿನ ನಾರಿನಿಂದ ಗಿಡದ ತೊಗಟೆ ಉಜ್ಜಿ, ಬೋರರ್ ಮೊಟ್ಟೆ ಇಡಲು ಜಾಗವಿಲ್ಲದಂತೆ ಮಾಡಿ, ಐದು ವರ್ಷ ಕಂಡದ್ದನ್ನು ಬರೆದಿದ್ದರು. ನಾನು ಓದಿದ ಯಾರೂ ಒಂದೇ ತೋಟವನ್ನು ಅಷ್ಟು ಕಾಲ ನೋಡಿರಲಿಲ್ಲ. ಅಂಚಿನಲ್ಲಿ ದೊಡ್ಡಪ್ಪನ ಪೆನ್ಸಿಲ್ ಬರಹ: "ಜೊಳ್ಳು. ಬರೆದವನು ಓದಿದವನಲ್ಲ." ಕೆಳಗೆ ಬರೆದವರ ಹೆಸರು ನೋಡಿದೆ. ದೊಡ್ಡಪ್ಪನದೇ!

"ಇದನ್ನ ಯಾಕೆ ತೆಗೆದ್ರಿ?"

"ದೊಡ್ಡ ದೊಡ್ಡವರ ಮಧ್ಯ ನಾನೆಂತಕ್ಕೆ? ನೋಡಿದವರು ನಿನ್ನ ನಗಾಡ್ತಾರೆ. ಹೊರಡು, ಬಸ್ಸು ತಪ್ತದೆ."

ನನಗೆ ಅಳುವೇ ಬಂತು. ಬಸ್ಸು ಹೋದರೆ ಹೋಗಲಿ ಎಂದು ಮತ್ತೆ ಮೂಡಿಗೆರೆಗೆ ಓಡಿ, ಆ ಪತ್ರದ ವಿಷಯ ಸೇರಿಸಿ ಎರಡು ಪುಟ ಹೊಸದಾಗಿ ಟೈಪ್ ಮಾಡಿಸಿದೆ. ಮರುದಿನ ಕಚೇರಿಯ ಬಾಗಿಲು ಹಾಕುವ ಹೊತ್ತಿಗೆ ಅಧ್ಯಾಯ ಒಪ್ಪಿಸಿದೆ.

ಆ ವಾರವೇ ಕಾರ್ಬನ್ ಪ್ರತಿ ತಂದು ದೊಡ್ಡಪ್ಪನ ಮುಂದೆ ಹಿಡಿದೆ. ವಿಜ್ಞಾನಿಗಳ ಸಾಲಿನಲ್ಲಿದ್ದ ತಮ್ಮ ಹೆಸರಿನ ಮೇಲೆ ಬೆರಳಿಟ್ಟರು. ದೊಡ್ಡಮ್ಮನನ್ನು ಕರೆಯಲು ತಲೆ ಎತ್ತಿದವರು ಮತ್ತೆ ಆ ಸಾಲನ್ನೇ ಓದತೊಡಗಿದರು.

ನಾನೇ ಕೂಗಿ ಕರೆದೆ.