ಪಕ್ಕದ ಮನಿ ಫ್ರಿಜ್

ಉಮಾಶ್ರೀಯನ್ನು ಗೋಳಾಡಿಸಿದ್ದು ಫ್ರಿಜ್ಜು. ಅದೂ ಅವಳ ಮನೆಯದಲ್ಲ, ಊರವರ ಮನೆಯದು.

ಯಾದಗಿರಿಯ ಕಾಲೇಜಿನಲ್ಲಿ ಅವಳು ಡೇಟಾ ಸೈನ್ಸ್ ಪದವಿ ಓದುತ್ತಿದ್ದಳು. ತಮ್ಮ ಓಣಿಯಲ್ಲಿ ಯಾರ ಯಾರ ಮನೆಯಲ್ಲಿ ಫ್ರಿಜ್ ಇದೆ ಎಂದು ಕೇಳಿ, ಭಾನುವಾರ ಸಂಜೆಯೊಳಗೆ ಕಳಿಸದಿದ್ದರೆ ಪ್ರಾಜೆಕ್ಟಿನಲ್ಲಿ ನಪಾಸು ಎಂದು ಸಂಗಮನಾಥ ಸರ್ ಖಡಕ್ಕಾಗಿ ಹೇಳಿದ್ದರು. ಇದೇನು ಮಹಾ ಎಂದುಕೊಂಡು ಅವಳು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ತನ್ನೂರು ಸುರಪುರಕ್ಕೆ ಬಂದಳು.

ಮೊದಲು ಹೋದದ್ದು ಪಕ್ಕದ ಲಾಲಮ್ಮನ ಮನೆಗೆ.

“ದೊಡ್ಡವ್ವ, ನಿಮ್ಮನ್ಯಾಗ ಫ್ರಿಜ್ ಅದ ಏನ್?”

“ಯಾಕವ್ವ ಕೇಳಾಕತ್ತಿ?”

“ಕಾಲೇಜಿಗೆ ಡೇಟಾ ಬೇಕಾಗ್ಯಾದ. ಮೊಬೈಲ್‌ದಾಗ ಹಾಕ್ತೀನಿ.”

ಮೊಬೈಲಿಗೆ ಹೋದದ್ದು ಸರ್ಕಾರಕ್ಕೆ ಹೋಗುತ್ತದೆ, ಸರ್ಕಾರಕ್ಕೆ ಹೋದರೆ ರೇಷನ್ ಕಾರ್ಡು ರದ್ದಾಗುತ್ತದೆ. ಲಾಲಮ್ಮನ ತಲೆ ಕಂಪ್ಯೂಟರಿಗಿಂತ ಚುರುಕು.

“ಬಡವರ ಮನ್ಯಾಗ ಎಲ್ಲೀದವ್ವ! ಬಿಸಲಾಗ ಬಂದೀದಿ, ಮಜ್ಜಿಗಿ ಕುಡಿ,” ಎಂದು ಲೋಟ ಕೊಟ್ಟಳು. ಮಜ್ಜಿಗೆಯಲ್ಲಿ ಐಸಿನ ಗಡ್ಡೆ ತೇಲುತ್ತಿತ್ತು.

ಸುದ್ದಿ ಉಮಾಶ್ರೀಗಿಂತ ಮುಂದೆ ಓಡಿತು. ಎದುರುಮನೆಯ ಬೀರೇಶನ ಪಡಸಾಲೆಯಲ್ಲಿ ಆಳೆತ್ತರದ್ದೇನೋ ಕಂಬಳಿ ಹೊದ್ದು ಗೊರ್ ಎನ್ನುತ್ತಿತ್ತು.

“ಅದ್ಯಾರು ಕಾಕಾ?”

“ನಮ್ಮಪ್ಪ. ಜ್ವರ ಬಂದಾವ, ಮಲಗ್ಯಾನ.”

“ನಿಂತಕೊಂಡು?”

“ಕುರಿ ಕಾಯ್ಕೋತ ರೂಢಿ ಆಗ್ಯಾದವ್ವ.”

ಮಧ್ಯಾಹ್ನದ ಹೊತ್ತಿಗೆ ಇಡೀ ಓಣಿಯಲ್ಲಿ ಒಂದೂ ಫ್ರಿಜ್ ಉಳಿಯಲಿಲ್ಲ. ಉಮಾಶ್ರೀಗೆ ಅಳುವೇ ಬಂತು. ಕಟ್ಟೆಯ ಮೇಲೆ ಕುಳಿತಿದ್ದವಳ ಬಳಿ ಲಾಲಮ್ಮ ಬಂದು ಪಿಸುಗುಟ್ಟಿದಳು, “ನನ್ನ ಕೇಳಾಕ ಬಂದಿ, ಮೂಲಿಮನಿ ಗೊಲ್ಲಾಳಮ್ಮಗ ಕೇಳಿದೇನು? ಎರಡ್ ಅದಾವ, ಎರಡು!”

ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದರೂ ಪಕ್ಕದೆಲೆಯ ನೊಣ ಕಾಣುತ್ತದಲ್ಲ! ಉಮಾಶ್ರೀ ಛಂಗನೆ ಎದ್ದಳು. ಮತ್ತೆ ಮನೆಮನೆ ತಿರುಗಿ ಈ ಸಲ ಪಕ್ಕದ ಮನೆಯದನ್ನೇ ಕೇಳಿದಳು. ಏನು ಉಪಚಾರ! ಕುರ್ಚಿ ಹಾಕಿ, ಚಹಾ ಕೊಟ್ಟು, ಫ್ರಿಜ್ಜಿನ ಬಣ್ಣ ಯಾವುದು, ಕೊಡಿಸಿದವರಾರು ಎನ್ನುವುದನ್ನೂ ಹೇಳಿದರು. ಬೀರೇಶನ ಅಪ್ಪ ಕಡೇಚೂರಿನ ಮಗಳ ಮನೆಗೆ ಹೋಗಿ ತಿಂಗಳಾಯಿತೆಂಬ ಸುದ್ದಿಯೂ ಸಿಕ್ಕಿತು.

ಹೊತ್ತು ಮುಳುಗುವ ಮುಂಚೆ ಎಲ್ಲ ಕಳಿಸಿ, ಗೆದ್ದೆ ಎಂದು ಉಸಿರು ಬಿಟ್ಟಳು. ಅಷ್ಟರಲ್ಲಿ ಸರ್ ಫೋನು ಬಂತು.

“ಉಮಾಶ್ರೀ, ಗೊಲ್ಲಾಳಮ್ಮನ ಮನ್ಯಾಗ ಎರಡು ಫ್ರಿಜ್ ಅಂತ ಹಾಕೀದಿ. ಅವ್ರೇ ಹೇಳ್ಯಾರೇನು?”

“ಇಲ್ರಿ ಸರ್, ಪಕ್ಕದಾವ್ರು ಹೇಳ್ಯಾರ. ಒಂದು ಅಳಿಯ ಕೊಡಿಸ್ಯಾನಂತ್ರಿ. ಯಾದಗಿರ್ಯಾಗ ದೊಡ್ಡ ನೌಕರಿ ಅಂತ. ಅತ್ತಿ ರೇಷನ್ ಅಕ್ಕಿನೂ ಪ್ರತಿ ತಿಂಗಳಾ ಅವನ ಮನಿಗೇ ಹೋಗ್ತದಂತ್ರಿ!”



“ಆ ಅಳಿಯ ನಾನೇ,” ಎಂದರು ಸರ್. “ಮಂದಿ ಮಾತು ಡೇಟಾ ಅಲ್ಲವ್ವ. ಈಗಿಂದೀಗ ಮತ್ತ ಮನಿ ಮನಿ ತಿರುಗು. ಅವರವರು ಏನು ಹೇಳ್ತಾರ ಅದನ್ನಷ್ಟೇ ಹಾಕು. ಇಲ್ಲಾಂದ್ರ ನಪಾಸು.”

ಉಮಾಶ್ರೀ ಕಾಲೆಳೆಯುತ್ತ ಮೂಲೆಮನೆಗೆ ಹೋದಳು. ಪಡಸಾಲೆಯಲ್ಲಿ ಆಗಲೇ ಇಬ್ಬರು ಕಂಬಳಿ ಹೊದ್ದು ನಿಂತಿದ್ದರು.

“ನಮ್ಮ ಮಾವ, ಅವರ ತಮ್ಮ,” ಎಂದಳು ಗೊಲ್ಲಾಳಮ್ಮ. “ಇಬ್ಬರಿಗೂ ಜ್ವರವ್ವ.”