ಅಡುಗೆಯವಳು ಜ್ಯೂರಿಗೆ ಹೋದದ್ದು

ಹೆಂಡತಿಯನ್ನು ಕೆಲಸದಿಂದ ತೆಗೆದುಹಾಕುತ್ತೇನೆಂದು ಹೆದರಿಸುವ ಭಾಗ್ಯ ಎಲ್ಲ ಗಂಡಂದಿರಿಗೂ ಸಿಗುವುದಿಲ್ಲ. ಅಮೆರಿಕದ ನೆಬ್ರಾಸ್ಕಾದ ಪುಟ್ಟ ಊರೊಂದರಲ್ಲಿ ಹೋಟೆಲು ಇಟ್ಟಿದ್ದ ಆರ್ವಿಲ್ ಟೆಡ್ರೋಗೆ ಅದು ಸಿಕ್ಕಿತ್ತು. ಹೋಟೆಲಿಗೆ ಅವನು ಮಾಲೀಕ. ಸಂಬಳಕ್ಕೆ ಅಡುಗೆ ಮಾಡುತ್ತಿದ್ದವಳು ಅವನ ಧರ್ಮಪತ್ನಿ ವರ್ನಾ. (ಮನೆಗೆ ಮಾಲೀಕರು ಯಾರೆಂಬುದು ಬೇರೆ ವಿಚಾರ.)

ಒಂದು ದಿನ ವರ್ನಾಗೆ ಜ್ಯೂರಿಯಲ್ಲಿ, ಅಂದರೆ ಮೊಕದ್ದಮೆ ಕೇಳಿ ತೀರ್ಪು ಹೇಳುವ ಊರವರ ಮಂಡಳಿಯಲ್ಲಿ, ಕೂರಲು ಕೋರ್ಟಿನಿಂದ ಕರೆ ಬಂತು.

"ಆಗಲ್ಲ ಅಂತ ಹೇಳಿಬಿಡು. ಬೆಳಗ್ಗೆ ಪ್ಯಾನ್‌ಕೇಕ್ ಯಾರು ಹುಯ್ತಾರೆ?" ಎಂದ ಆರ್ವಿಲ್.

"ನೀನೇ ಹುಯ್ಯಿ. ಉಪ್ಪು ಸಾಕಾ ಅನ್ನೋದು ಬಿಟ್ಟು ಬೇರೆ ವಿಷಯಕ್ಕೆ ನನ್ನ ಅಭಿಪ್ರಾಯ ಕೇಳ್ತಿರೋದು ಇದೇ ಮೊದಲು. ನಾನು ಹೋಗೇ ಹೋಗ್ತೀನಿ."

ಆರ್ವಿಲ್ ಬಾಯಿ ಜಾರಿತು. "ಹಾಗಾದ್ರೆ ಪೂರ್ತಿ ಹೋಗು! ಈ ಅಡುಗೆಮನೇಲಿ ನಿನಗೆ ಕೆಲಸ ಇಲ್ಲ!"

ವರ್ನಾ ಏಪ್ರನ್ ಬಿಚ್ಚಿ ಅವನ ಕೊರಳಿಗೆ ಹಾಕಿ ಹೊರಟೇಹೋದಳು.

ಕೋರ್ಟಿನಲ್ಲಿ ಜಡ್ಜಮ್ಮ, "ಇಲ್ಲಿಗೆ ಬರೋದಕ್ಕೆ ಕೆಲಸದ ಕಡೆಯಿಂದ ಯಾರಿಗಾದ್ರೂ ತೊಂದರೆ ಆಯ್ತಾ?" ಎಂದು ಕೇಳಿದರು. ವರ್ನಾ ಕೈ ಎತ್ತಿದಳು. ಊಟದ ಹೊತ್ತಿಗೆಲ್ಲ ಆರ್ವಿಲ್, ತೋಳಿಗೆ ಅಂಟಿದ ಹಿಟ್ಟಿನ ಸಮೇತ, ಜಡ್ಜಮ್ಮನ ಎದುರು ನಿಂತಿದ್ದ.

"ಟೆಡ್ರೋ ಅವರೇ, ಜ್ಯೂರಿಗೆ ಬರೋರನ್ನ ಕೆಲಸದಿಂದ ತೆಗೀತೀನಿ ಅಂತ ಹೆದರಿಸೋ ಹಾಗಿಲ್ಲ. ಕಾನೂನಿದೆ, ಗೊತ್ತಾ?"

"ಮೇಡಂ, ಅದು... ನಾನು ಮಾಲೀಕನಾಗಿ ಹೇಳಿದ್ದಲ್ಲ, ಗಂಡನಾಗಿ ಹೇಳಿದ್ದು."

"ಓಹೋ. ಗಂಡನಾಗಿ ಅವರನ್ನ ತೆಗೆಯೋಕಾಗುತ್ತಾ?"

ಆರ್ವಿಲ್ ಹೆಂಡತಿಯ ಕಡೆ ನೋಡಿದ. ಅವಳು ಛಾವಣಿ ನೋಡುತ್ತಿದ್ದಳು.

"ಇಲ್ಲ ಮೇಡಂ. ಅಷ್ಟು ಧೈರ್ಯ ಇಲ್ಲ."

ಕೋರ್ಟಿಗೆ ಕೋರ್ಟೇ ನಕ್ಕಿತು. ಜಡ್ಜಮ್ಮ ಎಚ್ಚರಿಕೆ ಕೊಟ್ಟು ಬಿಟ್ಟರು. ಹೋಟೆಲಿಗೆ ಮರಳುವ ದಾರಿಯುದ್ದಕ್ಕೂ ನಾಚಿಕೆಗೆ ಅವನ ಕಿವಿ ಉರಿಯಿತು. ಆದರೂ ಒಂದು ಚಿತ್ರ ಮಾತ್ರ ಕಣ್ಣಿನಿಂದ ಹೋಗಲಿಲ್ಲ. ಇಷ್ಟು ವರ್ಷ ಒಲೆಯ ಮೇಲೆ ಬಗ್ಗಿದ ಬೆನ್ನನ್ನೇ ನೋಡಿದ್ದವನಿಗೆ, ವರ್ನಾ ಕೋರ್ಟಿನ ಬೆಂಚಿನ ಮೇಲೆ ಅಷ್ಟು ನೆಟ್ಟಗೆ ಕೂರಬಲ್ಲಳೆಂದೇ ಗೊತ್ತಿರಲಿಲ್ಲ.

ವಿಚಾರಣೆ ನಡೆದದ್ದು ಧಣಿಯ ಕುದುರೆಯ ಜೀನು ಕದ್ದನೆಂಬ ಆರೋಪ ಹೊತ್ತಿದ್ದ ಕುದುರೆಲಾಯದ ಆಳೊಬ್ಬನ ಮೇಲೆ. ಅವನನ್ನು ಜೈಲಿಗೆ ಕಳಿಸಲಿ, ಬಿಡಲಿ, ಜ್ಯೂರಿಯ ಹನ್ನೆರಡು ಜನರೂ ಒಪ್ಪಬೇಕು. ಹನ್ನೆರಡೂ ಒಂದೊಂದು ದಿಕ್ಕು. ಜ್ಯೂರಿಯವರು ವರ್ನಾಳನ್ನೇ ಮುಖ್ಯಸ್ಥೆ ಮಾಡಿದರು.

ಇತ್ತ ಹೋಟೆಲಿನಲ್ಲಿ ಆರ್ವಿಲ್ ಕರಕಲು ಪ್ಯಾನ್‌ಕೇಕ್ ಬಡಿಸುತ್ತ, ಬಂದವರಿಗೆಲ್ಲ, "ಜ್ಯೂರಿಗೆ ಮುಖ್ಯಸ್ಥೆ ನನ್ನ ಹೆಂಡ್ತಿ, ಗೊತ್ತಾ!" ಎನ್ನುತ್ತಿದ್ದ.

"ಎಷ್ಟು ಬೇಕಾದ್ರೂ ಕೊಚ್ಚಿಕೋ ಮಾರಾಯ, ಇನ್ನೊಂದು ಮಾತ್ರ ಬಡಿಸಬೇಡ," ಎಂದ ಕ್ಷೌರಿಕ ಹಾಲಿಸ್.

ಕೊನೆಗೂ ತೀರ್ಪು ಬಂತು: ಆಳು ನಿರಪರಾಧಿ. ಕೋರ್ಟಿನ ಮೆಟ್ಟಿಲ ಮೇಲೆ ಅವನ ತಾಯಿ ವರ್ನಾಳ ಕೈಹಿಡಿದು ಅತ್ತಳು. ಪಕ್ಕದಲ್ಲೇ ನಿಂತಿದ್ದ ಆರ್ವಿಲ್‌ನ ಅಂಗಿಯ ಗುಂಡಿಗಳು ಹೆಮ್ಮೆಗೆ ಕಿತ್ತು ಬರುವಂತಾದವು.

ಮರುದಿನ ತುಂಬಿದ ಹೋಟೆಲಿನಲ್ಲಿ ಅವನು ಕುರ್ಚಿ ಹತ್ತಿ ನಿಂತು, "ಇವಳಂಥವಳು ಈ ಜಿಲ್ಲೇಲೇ ಇಲ್ಲ!" ಎಂದು ಸಾರಿದ.

"ವರ್ನಾ, ಅಷ್ಟು ಹಟಮಾರಿಗಳನ್ನ ಹೇಗಮ್ಮ ಒಪ್ಪಿಸಿದೆ?" ಎಂದು ಹಾಲಿಸ್ ಕೇಳಿದ.

ವರ್ನಾ ಪ್ಯಾನ್‌ಕೇಕ್ ಮಗುಚುತ್ತ ಹೇಳಿದಳು: "ಅದೇನು ಮಹಾ? ಹನ್ನೊಂದು ಜನಾನೂ ಒಟ್ಟಿಗೆ ಸೇರಿದ್ರೂ ಒಬ್ಬ ಆರ್ವಿಲ್‌ಗೆ ಸಮ ಇಲ್ಲ."

ಮೆಚ್ಚುಗೆಯೆಂದೇ ತಿಳಿದು, ಕುರ್ಚಿಯ ಮೇಲೆ ಎದೆಯುಬ್ಬಿಸಿ ತಲೆಬಾಗಿದ ಆರ್ವಿಲ್‌ಗೆ, ಎಲ್ಲರೂ ಯಾಕೆ ಬಿದ್ದುಬಿದ್ದು ನಗುತ್ತಿದ್ದಾರೆಂದು ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು.